ಎರಡು ಸಲ ಉಳುಕಿದ ಕಾಲಿಗೆ ಯಾವ ಬ್ರೇಸ್? ಸಿಂಧನೂರಿನ ಒಬ್ಬ ಬ್ಲಾಕರ್ ಹುಡುಗಿಯ ಪ್ರಕರಣ

ವಾಲಿಬಾಲ್‌ನಲ್ಲಿ ಆಟದ ಮಧ್ಯೆ ಏಕಾಏಕಿ ಆಗುವ ಪೆಟ್ಟುಗಳಲ್ಲಿ ಕಾಲು ಉಳುಕೋದೇ ಎಲ್ಲಕ್ಕಿಂತ ಜಾಸ್ತಿ. ಆದರೂ ನಮ್ಮ ಕಡೆ ಆ್ಯಂಕಲ್ ಬ್ರೇಸ್ (ಕಣಕಾಲು ಹೊರಳದಂತೆ ಹಿಡಿಯುವ ಪಟ್ಟಿ) ಕೊಳ್ಳೋದು ಮೆಡಿಕಲ್ ಶಾಪಿಗೆ ಹೋಗಿ “ಕಾಲಿಗೆ ಹಾಕ್ಕೊಳ್ಳೋದು ಕೊಡ್ರಿ” ಅನ್ನುವಷ್ಟಕ್ಕೆ ಮುಗಿಯುತ್ತದೆ. ಅಂಗಡಿಯವರು ಸೈಜ್ ಕೇಳುತ್ತಾರೆ. ಕಾಲಿನ ಕಥೆ ಕೇಳಲ್ಲ. ಬ್ರೇಸ್ ಆರಿಸೋಕೆ ನಿಜವಾಗಿ ಬೇಕಾಗಿರೋದು ಆ ಕಥೆ: ಯಾವ ಕಾಲು, ಹಿಂದೆ ಎಷ್ಟು ಸಲ ಉಳುಕಿದೆ, ಯಾವ ಕಡೆಗೆ ಹೊರಳಿತು, ಅಂಗಳದ ಯಾವ ಜಾಗದಲ್ಲಿ, ಯಾವ ಶೂ ಹಾಕಿದ್ದಾಗ.

ನಾನು ಸಿಂಧನೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಇಲ್ಲಿ ಬರೆದಿರುವ ಹುಡುಗಿ ಮತ್ತು ಅವರ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಕಾಲೇಜು ಎರಡನ್ನೂ ಬಿಟ್ಟಿದ್ದೇನೆ.

ಹುಡುಗಿ ಮತ್ತು ಅಂಗಳ

ವಯಸ್ಸು 17, ಸೆಕೆಂಡ್ ಪಿಯುಸಿ. ಎತ್ತರ 170 ಸೆಂಟಿಮೀಟರ್ ಹತ್ತಿರ. ಮಿಡ್ಲ್ ಬ್ಲಾಕರ್, ಅಂದರೆ ನೆಟ್ ಮಧ್ಯೆ ನಿಂತು ಎದುರಿನವರ ಹೊಡೆತವನ್ನು ಹಾರಿ ತಡೆಯುವವಳು. ಹೆಣ್ಣುಮಕ್ಕಳ ನೆಟ್ 2.24 ಮೀಟರ್ ಎತ್ತರಕ್ಕೆ ಕಟ್ಟುತ್ತಾರೆ. ಈಕೆ ಹಾರಿದರೆ ಅಂಗೈ ಪೂರ್ತಿ ನೆಟ್ ಮೇಲೆ ಬರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಇಂಥ ಬ್ಲಾಕರ್ ಸುಲಭಕ್ಕೆ ಸಿಗಲ್ಲ. ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ರೈತರು.

ಅಂಗಳದ ಬಗ್ಗೆಯೂ ಹೇಳಬೇಕು, ಯಾಕಂದರೆ ಪೆಟ್ಟಿನಲ್ಲಿ ಅದರ ಪಾಲೂ ಇದೆ. ಇಲ್ಲಿಯದು ಎರೆ ಮಣ್ಣು. ಅದರ ಮೇಲೆ ಗರಸು ಹಾಕಿ, ನೀರು ಹೊಡೆದು, ರೋಲರ್ ಎಳೆದು ಕೋರ್ಟ್ ಮಾಡುತ್ತಾರೆ. 18 ಮೀಟರ್ ಉದ್ದ, 9 ಮೀಟರ್ ಅಗಲದಷ್ಟು ಜಾಗ ಗಟ್ಟಿ ಇರುತ್ತದೆ. ಗೆರೆ ದಾಟಿದರೆ ಎರೆ ನೆಲ, ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ. ನೆಟ್ ಹತ್ತಿರ ಬ್ಲಾಕರ್‌ಗಳು ಹಾರಿ ಹಾರಿ ನೆಲ ಕುಸಿದು ತಗ್ಗು ಬಿದ್ದಿರುತ್ತದೆ.

ಮೊದಲ ಸಲ ಬಲಗಾಲು ಉಳುಕಿದ್ದು ಹಿಂದಿನ ವರ್ಷದ ಬೇಸಿಗೆಯಲ್ಲಿ. ಹೊರಗೆ ಹೋಗುತ್ತಿದ್ದ ಬಾಲ್ ಹಿಡಿಯಲು ಓಡಿ, ಬಿರುಕಿನಲ್ಲಿ ಪಾದ ಸಿಕ್ಕಿಕೊಂಡಿತ್ತು. ಊರಲ್ಲಿ ಉಳುಕು ತೆಗೆಯುವವರ ಹತ್ತಿರ ತೋರಿಸಿದರು. ಎಣ್ಣೆ ಹಚ್ಚಿ ಜಗ್ಗಿ, ಅರಿಶಿನ–ಸುಣ್ಣದ ಪಟ್ಟು ಹಾಕಿದರು. ಬಾವು ಇಳಿಯಿತು, ಹುಡುಗಿ ಮತ್ತೆ ಆಟಕ್ಕೆ ಇಳಿದಳು. ಆವತ್ತಿನಿಂದ ಎಲಾಸ್ಟಿಕ್ ಕಾಲುಪಟ್ಟಿ ಹಾಕಿಕೊಂಡೇ ಆಡುತ್ತಿದ್ದಳು. ಬಾವು ಇಳಿದ ಮೇಲೆ ಕಾಲಿಗೆ ಯಾವ ವ್ಯಾಯಾಮವೂ ಸಿಗಲಿಲ್ಲ. ಇದು ಮುಖ್ಯ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಾಧ್ಯತೆ ಜಾಸ್ತಿ, ಅದರಲ್ಲೂ ಮೊದಲ ಆರು ತಿಂಗಳಿಂದ ಒಂದು ವರ್ಷದವರೆಗೆ.

ಎರಡನೇ ಸಲ ಆಗಿದ್ದು ಜುಲೈನಲ್ಲಿ, ಸಂಜೆ ಪ್ರಾಕ್ಟೀಸ್‌ನಲ್ಲಿ. ಎದುರಿನ ಲಿಫ್ಟರ್ (ಹೊಡೆಯುವವರಿಗೆ ಬಾಲ್ ಎತ್ತಿಕೊಡುವವಳು) ಕೊಟ್ಟ ಬಾಲ್ ನೆಟ್‌ಗೆ ಅಂಟಿಕೊಂಡಂತೆ ಬಂತು. ಅದನ್ನು ಹೊಡೆಯಲು ಹೋದ ಸ್ಮ್ಯಾಷರ್ ಮುಂದಕ್ಕೆ ಹಾರಿ ನಡುಗೆರೆ ಮೇಲೆಯೇ ಇಳಿದಳು. ಅವಳ ಅರ್ಧ ಪಾದ ಈ ಕಡೆ ಬಂದಿತ್ತು. ಬ್ಲಾಕ್ ಮುಗಿಸಿ ಕೆಳಗೆ ಬಂದ ನಮ್ಮ ಹುಡುಗಿಯ ಬಲಗಾಲು ಸರಿಯಾಗಿ ಆ ಪಾದದ ಮೇಲೆ ಬಿತ್ತು. ಅಂಗಾಲು ಒಳಕ್ಕೆ ತಿರುಗಿ, ಹೊರಬದಿ ನೆಲಕ್ಕೆ ಬಡಿಯಿತು. ವಾಲಿಬಾಲ್‌ನಲ್ಲಿ ಬಹುಪಾಲು ಉಳುಕು ಆಗುವುದು ಹೀಗೆಯೇ, ನೆಟ್ ಕೆಳಗೆ, ಇನ್ನೊಬ್ಬರ ಪಾದದ ಮೇಲೆ ಇಳಿದಾಗ. ನಿಯಮದಲ್ಲೂ ಇದಕ್ಕೆ ಜಾಗ ಇದೆ: ಪಾದದ ಸ್ವಲ್ಪ ಭಾಗ ನಡುಗೆರೆಗೆ ತಾಗಿದ್ದರೆ ಅಥವಾ ಅದರ ನೇರ ಮೇಲಿದ್ದರೆ, ಉಳಿದ ಪಾದ ಆ ಕಡೆ ಹೋದರೂ ಫೌಲ್ ಅಲ್ಲ.

ಪರೀಕ್ಷೆಯಲ್ಲಿ ಕಂಡಿದ್ದು

ಮರುದಿನ ಅಪ್ಪನ ಬೈಕ್ ಮೇಲೆ ಬಂದಳು. ಹೊರಬದಿಯ ಉಬ್ಬುಮೂಳೆಯ ಮುಂದೆ ಬಾವು, ಕೆಳಗೆ ಹಿಮ್ಮಡಿ ಕಡೆಗೆ ನೀಲಿ ಇಳಿದಿತ್ತು. ಮೊದಲು ಮೂಳೆ ಮುರಿದಿಲ್ಲ ಅನ್ನೋದು ಖಾತ್ರಿ ಆಗಬೇಕು. ಕೆನಡಾದ ಒಟ್ಟಾವಾದಲ್ಲಿ ವೈದ್ಯರು 1992ರಲ್ಲಿ ರೂಪಿಸಿದ ಸರಳ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಬದಿಯ ಉಬ್ಬುಮೂಳೆಗಳ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತಿ ನೋಡಬೇಕು. ಕಿರುಬೆರಳ ಸಾಲಿನ ಮೂಳೆಯ ಬುಡ, ಪಾದದ ಒಳಬದಿಯ ದೋಣಿಮೂಳೆ ಒತ್ತಬೇಕು. ಪೆಟ್ಟು ಬಿದ್ದಾಗಲೂ ಈಗಲೂ ನಾಲ್ಕು ಹೆಜ್ಜೆ ಊರಲು ಆಗುತ್ತದಾ ಕೇಳಬೇಕು. ಮೂಳೆ ಒತ್ತಿದರೆ ನೋವು, ಅಥವಾ ನಾಲ್ಕು ಹೆಜ್ಜೆ ಇಡಲು ಆಗಲ್ಲ ಅಂದರೆ ಎಕ್ಸ್‌ರೇ ಬೇಕೇ ಬೇಕು. ಈಕೆ ಕುಂಟುತ್ತಲೇ ನಡೆದಳು, ಮೂಳೆ ಒತ್ತಿದರೆ ನೋವಿಲ್ಲ. ಮೊಣಕಾಲಿನ ಕೆಳಗೆ ಎರಡು ಮೂಳೆಗಳನ್ನು ಸೇರಿಸಿ ಹಿಂಡಿದಾಗಲೂ ಕೆಳಗೆ ನೋವು ಬರಲಿಲ್ಲ. ಅಂದರೆ ಕೀಲಿನ ಮೇಲ್ಭಾಗದ ಲಿಗಮೆಂಟ್‌ಗೆ (ಮೂಳೆಗೆ ಮೂಳೆ ಕಟ್ಟಿಹಿಡಿಯುವ ನಾರಿಗೆ) ಪೆಟ್ಟು ಬಿದ್ದ ಲಕ್ಷಣ ಇಲ್ಲ. ಅದಾಗಿದ್ದರೆ ದಾರಿಯೇ ಬೇರೆ, ಕಾಯುವ ಸಮಯವೂ ಜಾಸ್ತಿ.

ಲಿಗಮೆಂಟ್ ಎಷ್ಟು ಸಡಿಲಾಗಿದೆ ಅಂತ ಮರುದಿನವೇ ಹೇಳೋದು ಕಷ್ಟ. ನೋವಿಗೆ ಹುಡುಗಿ ಕಾಲು ಬಿಗಿ ಹಿಡಿಯುತ್ತಾಳೆ, ಬಾವು ಬೆರಳಿಗೆ ಏನೂ ತಿಳಿಯಗೊಡಲ್ಲ. ನಾಲ್ಕೈದು ದಿನ ಬಿಟ್ಟು ನೋಡಿದರೆ ಚಿತ್ರ ಸ್ಪಷ್ಟ ಆಗುತ್ತದೆ. ಹಾಗೇ ಮಾಡಿದೆ. ಹಿಮ್ಮಡಿ ಹಿಡಿದು ಪಾದವನ್ನು ಮುಂದಕ್ಕೆ ಎಳೆದಾಗ ಬಲಗಾಲು ಎಡಗಾಲಿಗಿಂತ ಎದ್ದು ಕಾಣುವಷ್ಟು ಜಾಸ್ತಿ ಜರುಗಿತು. ಹೊರಬದಿಯ ಮುಂದಿನ ಲಿಗಮೆಂಟ್, ಉಳುಕಿದಾಗ ಮೊದಲು ಹರಿಯೋದು ಅದೇ, ಒಮ್ಮೆ ಜಗ್ಗಿದ ಮಂಚದ ನವಾರಿನಂತೆ ಇಳಿಬಿದ್ದಿತ್ತು.

ಇನ್ನೆರಡು ವಿಷಯ ಕಂಡವು. ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಲು ಹೇಳಿದೆ. ಎಡಗಾಲಿನ ಹೆಬ್ಬೆರಳು ಗೋಡೆಯಿಂದ 10 ಸೆಂಟಿಮೀಟರ್ ದೂರ ಇದ್ದರೂ ತಾಗುತ್ತಿತ್ತು. ಬಲಗಾಲು 6ಕ್ಕೇ ನಿಂತಿತು. ಆಮೇಲೆ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಲು ಹೇಳಿದೆ. ಎಡಗಾಲಲ್ಲಿ ಆರಾಮ ನಿಂತಳು. ಬಲಗಾಲಲ್ಲಿ ಕಣ್ಣು ಮುಚ್ಚಿದ ತಕ್ಷಣ ಗೋಡೆ ಹಿಡಿದಳು. “ಹೋದ ವರ್ಷದಿಂದನೂ ಹಿಂಗ ಐತ್ರಿ ಸರ, ಮೆಟ್ಲ ಇಳಿವಾಗ ಒಮ್ಮೊಮ್ಮೆ ಜೋಲಿ ಹೊಡಿತೈತ್ರಿ” ಅಂದಳು. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿಕೈ ಈ ಮಾತು. ಬ್ರೇಸ್ ಬೇಕಾಗಿರೋದು ಎರಡು ಸಲ ಉಳುಕಿ, ತಾನು ಎಲ್ಲಿದ್ದೇನೆ ಅನ್ನೋ ಅರಿವನ್ನೇ ಕಳಕೊಂಡ ಕಾಲಿಗೆ. ಅಂಗಡಿಯಲ್ಲಿ ಸೈಜ್ ನೋಡಿ ಕೊಡುವ ಪಟ್ಟಿ ಅದಕ್ಕೆ ಸಾಲಲ್ಲ.

ಟೇಬಲ್ ಮೇಲಿದ್ದ ಮೂರು ಬ್ರೇಸ್

ಜಿಲ್ಲಾ ಮಟ್ಟದ ಪಂದ್ಯಗಳಿಗೆ ಎರಡು ತಿಂಗಳ ಆಸುಪಾಸು ಸಮಯ ಇತ್ತು. ಕಾಲೇಜಿನ ದೈಹಿಕ ಶಿಕ್ಷಕರು ಮೂರು ಥರದ ಬ್ರೇಸ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಒಂದು, ಹುಡುಗಿ ಹಾಕುತ್ತಿದ್ದ ಎಲಾಸ್ಟಿಕ್ ಕಾಲುಪಟ್ಟಿ. ಇನ್ನೊಂದು, ಶೂ ಥರ ಲೇಸ್ ಕಟ್ಟಿ ಮೇಲೆ ಎರಡು ಪಟ್ಟಿ ಸುತ್ತುವ ನೈಲಾನ್ ಬ್ರೇಸ್. ಮೂರನೆಯದು, ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ ಇದ್ದು ಕೀಲಿನ ಹತ್ತಿರ ಬಾಗಿಲ ಹಿಂಜಿನಂಥ ಜೋಡಣೆ ಇರುವುದು. ಶಿಕ್ಷಕರ ಸ್ನೇಹಿತರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ್ದು. ಬೆಲೆ ನೂರರ ಲೆಕ್ಕದಿಂದ ಸಾವಿರಗಳ ಲೆಕ್ಕಕ್ಕೆ ಏರುತ್ತಾ ಹೋಗುತ್ತದೆ.

ಅಪ್ಪ ನೇರವಾಗಿ ಕೇಳಿದರು: “ಸರ, ಅಗ್ಗದ್ದು ಐತಲ್ರಿ ಇಲ್ಲೇ. ಅದನ್ನ ಹಾಕ್ಕೊಂಡು ಆಡ್ಲಿ ಬಿಡ್ರಿ. ಕಾಲ್ಚೀಲಕ್ಕ ಅಷ್ಟು ರೊಕ್ಕ ಯಾಕ?”

ನ್ಯಾಯವಾದ ಪ್ರಶ್ನೆ. ಬಾಯಲ್ಲಿ ಹೇಳೋದಕ್ಕಿಂತ ತೋರಿಸೋದು ಮೇಲು ಅನ್ನಿಸಿತು. ಅವರ ಕಾಲಿಗೇ ಆ ಎಲಾಸ್ಟಿಕ್ ಪಟ್ಟಿ ಹಾಕಿಸಿದೆ. ಪಾದ ಹಿಡಿದು ಮೆಲ್ಲಗೆ ಒಳಕ್ಕೆ ತಿರುಗಿಸಿದೆ. ಪೂರ್ತಿ ತಿರುಗಿತು. ಪಟ್ಟಿ ಬಿಚ್ಚಿ ತಿರುಗಿಸಿದೆ. ಅಷ್ಟೇ ತಿರುಗಿತು. ಆಮೇಲೆ ಲೇಸ್ ಬ್ರೇಸ್ ಕಟ್ಟಿ ತಿರುಗಿಸಿದೆ. ಅರ್ಧಕ್ಕೇ ನಿಂತಿತು. ಅವರು ತಮ್ಮ ಕಾಲನ್ನೇ ನೋಡುತ್ತಾ, “ಇದು ಹಿಡಿತೈತಿ ಬಿಡ್ರಿ” ಅಂದರು. ಎಲಾಸ್ಟಿಕ್ ಪಟ್ಟಿ ಕೆಲಸಕ್ಕೆ ಬಾರದ್ದಲ್ಲ. ಬಾವು ಇಳಿಸಲು ನೆರವಾಗುತ್ತದೆ, ಕಾಲು ಬೆಚ್ಚಗಿಡುತ್ತದೆ. ಆದರೆ ಇನ್ನೊಬ್ಬರ ಪಾದದ ಮೇಲೆ ಇಳಿದಾಗ ದೇಹದ ಪೂರ್ತಿ ಭಾರವನ್ನು ಅದು ತಡೆಯಲ್ಲ. ಕಾಲಿನ ಸ್ನಾಯುಗಳೂ ಅಷ್ಟು ಬೇಗ ತಡೆಯಲಾರವು. ಅವು ಎಚ್ಚೆತ್ತು ಹಿಡಿಯುವ ಮೊದಲೇ ಪಾದ ಹೊರಳಿ ಆಗಿರುತ್ತದೆ. ಅದಕ್ಕೇ ಹೊರಗಿನಿಂದ ಒಂದು ತಡೆ ಬೇಕಾಗೋದು.

ಟೇಪ್ ಬಗ್ಗೆಯೂ ಮಾತಾಯಿತು. ಬಿಳಿ ಜಿಂಕ್ ಆಕ್ಸೈಡ್ ಟೇಪ್ ಚೆನ್ನಾಗಿ ಸುತ್ತಿದರೆ ಆರಂಭದಲ್ಲಿ ಗಟ್ಟಿಯಾಗಿಯೇ ಹಿಡಿಯುತ್ತದೆ. ಆದರೆ ಅರ್ಧ ಗಂಟೆ ಹಾರಿ ಓಡಿದ ಮೇಲೆ ಸಡಿಲಾಗುತ್ತದೆ. ಬೆವರು ಸೇರಿದರೆ ಇನ್ನೂ ಬೇಗ, ಮತ್ತೆ ನಮ್ಮ ಜಿಲ್ಲೆಯ ಬೆವರಿನ ಬಗ್ಗೆ ಹೇಳಲೇಬೇಕಿಲ್ಲ. ದಿನಾ ಪ್ರಾಕ್ಟೀಸ್‌ಗೆ ಸುತ್ತುವವರು ಯಾರು? ದಿನಾ ಒಂದು ರೋಲ್‌ಗೆ ದುಡ್ಡು ಎಲ್ಲಿಂದ? ಬ್ರೇಸ್ ಆದರೆ ಆಟದ ಮಧ್ಯೆ ಹುಡುಗಿಯೇ ಬಿಗಿ ಮಾಡಿಕೊಳ್ಳಬಹುದು. ಟೇಪ್ ಅಲ್ಲಿಗೇ ಬಿಟ್ಟೆವು.

ಉಳಿದಿದ್ದು ಲೇಸ್ ಬ್ರೇಸ್ ಮತ್ತು ಹಿಂಜಿನ ಬ್ರೇಸ್. ನಿಜಕ್ಕೂ ಯೋಚನೆ ಮಾಡಬೇಕಾದ ಜಾಗ ಇದೇ.

ಬರೀ ಬ್ಲಾಕರ್ ಕೆಲಸ ನೋಡಿದರೆ ಹಿಂಜಿನದು ಒಳ್ಳೆಯದು. ಪಾದ ಮೇಲೆ ಕೆಳಗೆ ಆಡಲು ಬಿಡುತ್ತದೆ, ಅಕ್ಕಪಕ್ಕಕ್ಕೆ ಹೊರಳಲು ಬಿಡಲ್ಲ. ಹಾರುವವರಿಗೆ ಬೇಕಾಗಿರೋದು ಅದೇ. ಲೇಸ್ ಬ್ರೇಸ್ ಎರಡನ್ನೂ ಸ್ವಲ್ಪ ಸ್ವಲ್ಪ ಹಿಡಿಯುತ್ತದೆ. ಈಗಾಗಲೇ ಗೋಡೆ ಪರೀಕ್ಷೆಯಲ್ಲಿ ಬಿಗಿ ತೋರಿಸಿದ ಕಾಲಿಗೆ ಇದು ಸ್ವಲ್ಪ ಅಡಚಣೆಯೇ. ಹಾಗಾಗಿ ನನ್ನ ಮನಸ್ಸು ಮೊದಲು ಹಿಂಜಿನ ಕಡೆಗೇ ಇತ್ತು.

ಶೂ ಲೆಕ್ಕ ಬದಲಿಸಿತು. ಹುಡುಗಿ ಹಾಕುತ್ತಿದ್ದದ್ದು ರನ್ನಿಂಗ್ ಶೂ. ಹಿಮ್ಮಡಿ ಕೆಳಗೆ ದಪ್ಪ ಮೆತ್ತೆ, ಮೂತಿ ಕಿರಿದು. ಹಿಂಜಿನ ಬ್ರೇಸ್‌ಗೆ ಅಂಗಾಲ ಕೆಳಗೆ ಗಟ್ಟಿ ತಟ್ಟೆ ಇರುತ್ತದೆ. ಅದನ್ನು ತೂರಿಸಿದರೆ ಶೂ ಕಟ್ಟಲು ಬರಲಿಲ್ಲ. ಒಳಗಿನ ಇನ್‌ಸೋಲ್ ತೆಗೆದು ನೋಡಿದೆವು. ಕಟ್ಟಲು ಬಂತು, ಆದರೆ ಹಿಮ್ಮಡಿ ಶೂನಿಂದ ಮೇಲೆದ್ದು ಜಾರುತ್ತಿತ್ತು. ಹಿಮ್ಮಡಿ ಜಾರುವ ಶೂ ಹಾಕಿಕೊಂಡು ಬ್ಲಾಕ್‌ಗೆ ಹಾರೋದು ಅಪಾಯ. ಅಲ್ಲದೆ ರನ್ನಿಂಗ್ ಶೂ ಮುಂದಕ್ಕೆ ಓಡಲು ಮಾಡಿದ್ದು. ಬ್ಲಾಕರ್ ಅಕ್ಕಪಕ್ಕ ಸರಿಯುತ್ತಾಳೆ. ಎತ್ತರದ ಮೆತ್ತೆ ಮೇಲೆ ನಿಂತ ಕಾಲು ಬೇಗ ಹೊರಳುತ್ತದೆ.

ಹಿಂಜಿನ ಬ್ರೇಸ್ ಮತ್ತು ಅದಕ್ಕೆ ಹೊಂದುವ ಅಗಲ ಶೂ ಎರಡನ್ನೂ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಲೇಸ್ ಬ್ರೇಸ್ ತಗೊಂಡರೆ ಉಳಿದ ದುಡ್ಡಿನಲ್ಲಿ ಒಂದು ಜೊತೆ ಬ್ಯಾಡ್ಮಿಂಟನ್ ಶೂ ಬರುತ್ತಿತ್ತು. ಅವು ತಗ್ಗು, ಚಪ್ಪಟೆ, ಹಿಮ್ಮಡಿಯನ್ನು ಗಟ್ಟಿ ಹಿಡಿಯುತ್ತವೆ. ಗರಸಿನ ಮೇಲೆ ಅವುಗಳ ರಬ್ಬರ್ ತಳ ಬೇಗ ಸವೆಯುತ್ತದೆ, ಅದು ನಿಜ. ಆದರೂ ಒಳ್ಳೆ ಬ್ರೇಸ್ ಕೆಟ್ಟ ಶೂ ಒಳಗೆ ಇರೋದಕ್ಕಿಂತ, ಸಾಧಾರಣ ಬ್ರೇಸ್ ಸರಿಯಾದ ಶೂ ಒಳಗೆ ಇರೋದು ಈ ಹುಡುಗಿಗೆ ಒಳ್ಳೆಯದು ಅಂತ ನಿರ್ಧಾರಕ್ಕೆ ಬಂದೆ. ಲೇಸ್ ಬ್ರೇಸ್ ಬರೀ ಅಗ್ಗದ ಆಯ್ಕೆ ಅಲ್ಲ ಅನ್ನೋಕೆ ಆಧಾರವೂ ಇದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1,460 ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೇಸ್ ಬ್ರೇಸ್ ಹಾಕಿದವರಿಗೆ ಕಣಕಾಲಿನ ಪೆಟ್ಟು ಹಾಕದವರಿಗಿಂತ ಮೂರನೇ ಒಂದು ಭಾಗದಷ್ಟೇ ಆಯಿತು. ಮೊಣಕಾಲಿನ ಪೆಟ್ಟು ಜಾಸ್ತಿ ಆಗಲಿಲ್ಲ. ಆದರೆ ಬ್ರೇಸ್ ಇದ್ದೂ ಉಳುಕಿದವರ ಪೆಟ್ಟು ಹಗುರವಾಗಿ ಇರಲಿಲ್ಲ ಅನ್ನೋದನ್ನೂ ಅದೇ ಅಧ್ಯಯನ ಹೇಳುತ್ತದೆ. ಇದನ್ನು ಹುಡುಗಿಗೂ ಅಪ್ಪನಿಗೂ ಮುಚ್ಚುಮರೆ ಇಲ್ಲದೆ ಹೇಳಿದೆ.

ಅಳತೆ ಮತ್ತು ಕಟ್ಟುವ ರೀತಿ

ಬಾವು ಇರುವಾಗ ಅಳತೆ ತಗೊಂಡು ಬ್ರೇಸ್ ತರಿಸಬಾರದು. ಮೊದಲ ವಾರ ದರ್ಜಿಯ ಟೇಪ್ ಹಿಡಿದು ಉಬ್ಬುಮೂಳೆಗಳ ಸುತ್ತ ಅಳೆದಾಗ ಬಲಗಾಲು ಎಡಗಾಲಿಗಿಂತ ಎರಡು ಸೆಂಟಿಮೀಟರ್ ದಪ್ಪ ಇತ್ತು. ಆಗಲೇ ತರಿಸಿದ್ದರೆ ಒಂದು ಸೈಜ್ ದೊಡ್ಡದು ಬಂದು, ಬಾವು ಇಳಿದ ಮೇಲೆ ಲೊಡಲೊಡ ಆಗುತ್ತಿತ್ತು. ಬಾವು ಇಳಿಯುವವರೆಗೆ ಕಾದೆವು. ಎಲ್ಲಿ ಅಳೆಯಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಉಬ್ಬುಮೂಳೆ ಸುತ್ತ ಕೇಳುತ್ತಾರೆ, ಕೆಲವರು ಹಿಮ್ಮಡಿಯಿಂದ ಪಾದದ ಮೇಲ್ಭಾಗದ ಸುತ್ತ, ಕೆಲವರು ಬರೀ ಶೂ ನಂಬರ್. ಡಬ್ಬಿಯ ಮೇಲಿನ ಪಟ್ಟಿ ನೋಡಿ, ಅಲ್ಲಿ ಹೇಳಿದ ಜಾಗದಲ್ಲೇ ಅಳೆಯಬೇಕು.

ಕಟ್ಟೋದನ್ನು ಹುಡುಗಿಗೆ ಕೂರಿಸಿಕೊಂಡು ಕಲಿಸಿದೆ. ಮೊದಲು ತೆಳು ಹತ್ತಿಯ ಉದ್ದ ಕಾಲ್ಚೀಲ, ಮಡಿಕೆ ಇಲ್ಲದಂತೆ. ಬರಿಗಾಲಿಗೆ ಬ್ರೇಸ್ ಬೇಡ, ಬೆವರಿಗೆ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಹಿಮ್ಮಡಿ ಹಿಂದಕ್ಕೆ ಪೂರ್ತಿ ಕೂರಬೇಕು. ಬೆರಳು ಮೇಲೆತ್ತಿ, ಪಾದ ಮತ್ತು ಕಾಲು ಮೂಲೆಪಟ್ಟಿ ಆಕಾರದಲ್ಲಿ ಇರುವಾಗಲೇ ಲೇಸ್ ಎಳೆಯಬೇಕು, ಕೆಳಗಿನಿಂದ ಮೇಲಕ್ಕೆ. ಪಾದ ಇಳಿಬಿಟ್ಟು ಕಟ್ಟಿದರೆ ಎದ್ದು ನಿಂತಾಗ ಸಡಿಲಾಗುತ್ತದೆ. ಆಮೇಲೆ ಎರಡು ಪಟ್ಟಿ. ಒಂದೊಂದೂ ಪಾದದ ಮೇಲೆ ಅಡ್ಡ ಹಾದು, ಅಂಗಾಲ ಕೆಳಗೆ ಹೋಗಿ, ತಾನು ಹೊರಟ ಬದಿಯಲ್ಲೇ ಮೇಲೆ ಬರುತ್ತದೆ. ಈ ಹುಡುಗಿಗೆ ಮುಖ್ಯ ಹೊರಬದಿಯಲ್ಲಿ ಮೇಲೆ ಬರುವ ಪಟ್ಟಿ. ಒಳಕ್ಕೆ ಹೊರಳುವ ಪಾದವನ್ನು ಎತ್ತಿ ಹಿಡಿಯೋದು ಅದೇ. ಅದನ್ನು ಬಲವಾಗಿ ಎಳೆದು ಅಂಟಿಸಬೇಕು. ಇನ್ನೊಂದನ್ನು ಹದವಾಗಿ.

ಕಟ್ಟಿ ಹತ್ತು ನಿಮಿಷ ನೆಟ್ ಉದ್ದಕ್ಕೂ ಸರಿದಾಡಿ, ಹಾರಿ, ಮತ್ತೆ ಬಿಚ್ಚಲು ಹೇಳಿದೆ. ಚರ್ಮದ ಮೇಲೆ ಗುರುತು ಬೀಳೋದು ಸಹಜ. ಇಪ್ಪತ್ತು ನಿಮಿಷ ಆದರೂ ಕೆಂಪು ಹೋಗದಿದ್ದರೆ, ಬೆರಳು ಜುಮ್ಮೆಂದರೆ, ಉಗುರು ಒತ್ತಿ ಬಿಟ್ಟಾಗ ಬಣ್ಣ ತಡವಾಗಿ ಬಂದರೆ ಬ್ರೇಸ್ ಸರಿಯಿಲ್ಲ ಅಥವಾ ಜಾಸ್ತಿ ಬಿಗಿ. ಈಕೆಗೆ ಕಿರುಬೆರಳ ಸಾಲಿನ ಮೂಳೆಯ ಬುಡದಲ್ಲಿ ಒತ್ತುತ್ತಿತ್ತು. ಕೆಳಗಿನ ಎರಡು ತೂತು ಸ್ವಲ್ಪ ಸಡಿಲ ಬಿಟ್ಟು ಮಧ್ಯದಿಂದ ಬಿಗಿ ಮಾಡಿದ ಮೇಲೆ ಸರಿಹೋಯಿತು. ವಾರ್ಮ್‌ಅಪ್ ಮುಗಿದ ಮೇಲೆ ಒಮ್ಮೆ, ಪ್ರತಿ ಸೆಟ್ ಮುಗಿದಾಗ ಒಮ್ಮೆ ಪಟ್ಟಿ ಮತ್ತೆ ಎಳೆಯುವ ಅಭ್ಯಾಸ ಹಾಕಿಸಿದೆವು.

ಗರಸಿನ ಧೂಳು ವೆಲ್ಕ್ರೋದ ಶತ್ರು. ಧೂಳು, ನೂಲು ತುಂಬಿದರೆ ಅದು ಅಂಟಲ್ಲ. ಹಳೆ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಬೆವರಿನ ಬ್ರೇಸನ್ನು ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಬೇಕು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಡಿಯಬಾರದು.

ಬ್ರೇಸ್ ಜೊತೆಗಿನ ಕೆಲಸ

ಬ್ರೇಸ್ ತಂದುಕೊಟ್ಟು ಸುಮ್ನೆ ಆಗಿದ್ದರೆ ಮೆಟ್ಟಿಲಲ್ಲಿ ಜೋಲಿ ಹೊಡೆಯುವ ಕಾಲು ಹಾಗೇ ಉಳಿಯುತ್ತಿತ್ತು. ನೆದರ್ಲೆಂಡ್ಸ್‌ನ ವಾಲಿಬಾಲ್ ಆಟಗಾರರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ಯಾಲೆನ್ಸ್ ಬೋರ್ಡ್ ಅಭ್ಯಾಸ ಉಳುಕನ್ನು ಕಡಿಮೆ ಮಾಡಿತು, ಅದೂ ಹಿಂದೆ ಉಳುಕಿಸಿಕೊಂಡವರಲ್ಲಿ. ನಮ್ಮ ಹುಡುಗಿ ಆ ಸಾಲಿನವಳೇ. ಬಡಿಗೇರರ ಹತ್ತಿರ ಗುಂಡನೆ ಹಲಗೆ ಮಾಡಿಸಿ ಕೆಳಗೆ ಅರ್ಧಗೋಳ ಕೂರಿಸಿದೆವು. ಅದರ ಮೇಲೆ ಒಂಟಿ ಕಾಲಲ್ಲಿ ನಿಂತು ಗೆಳತಿ ಎಸೆದ ಬಾಲ್ ಹಿಡಿಯೋದು. ಸೈಕಲ್ ಟ್ಯೂಬ್ ಸೀಳಿ ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ಎಳೆಯೋದು. ಹಿಮ್ಮಡಿ ಎತ್ತೋದು. ಗೋಡೆಗೆ ಮೊಣಕಾಲು ತಾಗಿಸೋದು. ಬೋರ್ಡ್ ಮೇಲೆ ನಿಲ್ಲುವಾಗ ಬ್ರೇಸ್ ಬಿಚ್ಚಿಯೇ ನಿಲ್ಲಬೇಕು, ಕಾಲು ತಾನೇ ಕಲಿಯಬೇಕು. ಹಾರುವಾಗ, ಬ್ಲಾಕ್ ಮಾಡುವಾಗ ಬ್ರೇಸ್ ಹಾಕಲೇಬೇಕು. ಮ್ಯಾಚಿಗೆ ಮಾತ್ರ ಹಾಕಿ ಪ್ರಾಕ್ಟೀಸ್‌ಗೆ ಬಿಡುವ ಚಾಳಿ ನಮ್ಮಲ್ಲಿ ಬಹಳ. ಈ ಕಾಲು ಉಳುಕಿದ್ದು ಪ್ರಾಕ್ಟೀಸ್‌ನಲ್ಲೇ ಅಲ್ವಾ?

“ಬ್ರೇಸ್ ಚಟ ಆಗಿ ಕಾಲು ಬಲ ಕಳಕೊಳ್ಳಲ್ವಾ?” ಅಂತ ಶಿಕ್ಷಕರು ಕೇಳಿದರು. ಆಟಕ್ಕೆ ಹಾಕಿದ ಮಾತ್ರಕ್ಕೆ ಸ್ನಾಯು ಸೊರಗಲ್ಲ. ಹಾರುವ ಎತ್ತರದಲ್ಲೂ ಗಮನಿಸುವಂಥ ವ್ಯತ್ಯಾಸ ಬರಲ್ಲ. ಇಡೀ ದಿನ ಕ್ಲಾಸಿನಲ್ಲೂ ಹಾಕಿ ಕೂರೋದು ಮಾತ್ರ ಬೇಡ.

ಶಿಕ್ಷಕರಿಗೂ ಒಂದು ಕೆಲಸ ಇತ್ತು. ಲಿಫ್ಟ್ ನೆಟ್‌ನಿಂದ ಒಂದು ಮೊಳ ಈಚೆ ಬೀಳಬೇಕು, ಸ್ಮ್ಯಾಷರ್ ಮುಂದಕ್ಕೆ ತೇಲದೆ ನೇರ ಮೇಲಕ್ಕೆ ಹಾರಿ ಎರಡೂ ಕಾಲಲ್ಲಿ ತನ್ನ ಕಡೆಯೇ ಇಳಿಯಬೇಕು. ನಾರ್ವೆಯ ವಾಲಿಬಾಲ್‌ನಲ್ಲಿ ಹಾರುವ–ಇಳಿಯುವ ರೀತಿ ತಿದ್ದಿ, ಜೊತೆಗೆ ಬ್ಯಾಲೆನ್ಸ್ ಬೋರ್ಡ್ ಕೊಟ್ಟಾಗ ಉಳುಕು ಅರ್ಧಕ್ಕೆ ಇಳಿದಿತ್ತು. 1997ರಲ್ಲಿ ಪ್ರಕಟವಾದ ಫಲಿತಾಂಶ ಅದು. ಶಿಕ್ಷಕರು ನೆಟ್ ಕೆಳಗೆ ಸುಣ್ಣದಲ್ಲಿ ಇನ್ನೊಂದು ಗೆರೆ ಎಳೆದರು, ನಡುಗೆರೆಗಿಂತ ಈಚೆ. ಪ್ರಾಕ್ಟೀಸ್‌ನಲ್ಲಿ ಅದನ್ನು ತುಳಿದರೆ ಪಾಯಿಂಟ್ ಎದುರಿನವರಿಗೆ. ನೆಟ್ ಹತ್ತಿರದ ತಗ್ಗಿಗೆ ಗರಸು ತುಂಬಿಸಿದರು. ನನ್ನ ಕಣ್ಣಿಗೆ ಬ್ರೇಸ್‌ನಷ್ಟೇ ದೊಡ್ಡ ಕೆಲಸ ಇದು, ಇಡೀ ತಂಡದ ಕಾಲು ಕಾಯುತ್ತದೆ.

ತಂಡದ ಉಳಿದವರಿಗೆ

ಇದರ ಬೆನ್ನಿಗೇ ಕಾಲೇಜಿನವರು ನಾಲ್ಕು ಬ್ರೇಸ್‌ಗೆ ದುಡ್ಡು ಹೊಂದಿಸಿದರು. ಆರೂ ಜನಕ್ಕೆ ಒಂದೊಂದು ಅಗ್ಗದ ಎಲಾಸ್ಟಿಕ್ ಪಟ್ಟಿ ತರೋಣ ಅನ್ನುವ ಮಾತು ಬಂತು. ನಾನು ಒಪ್ಪಲಿಲ್ಲ. ಕಳೆದ ಒಂದು ವರ್ಷದಲ್ಲಿ ಯಾರ ಕಾಲು ಉಳುಕಿದೆ ಅಂತ ಕೇಳಿ ಮೊದಲು ಅವರಿಗೆ, ಆಮೇಲೆ ನೆಟ್ ಮುಂದೆ ಜಾಸ್ತಿ ಹಾರುವವರಿಗೆ. ಲಿಬೆರೋ (ಹಿಂದೆ ನಿಂತು ಬಾಲ್ ಎತ್ತುವವಳು) ಬ್ಲಾಕ್‌ಗೆ ಹಾರಲ್ಲ, ಅವಳ ಕಾಲಿಗೆ ಹಳೆ ಪೆಟ್ಟೂ ಇರಲಿಲ್ಲ. ಅವಳು ಕೊನೆಗೆ. ಒಬ್ಬರ ಬ್ರೇಸ್ ಇನ್ನೊಬ್ಬರು ಹಾಕೋದು ಬೇಡ ಅಂತಲೂ ಹೇಳಿದೆ. ಅಳತೆ ಬೇರೆ, ಬೆವರು ಬೇರೆ.

ಏನಾಯಿತು

ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಬಲಗಾಲು ಎಡಗಾಲಿನಷ್ಟೇ ದೂರ ಹೋದ ಮೇಲೆ, ಕಣ್ಣು ಮುಚ್ಚಿ ನಿಲ್ಲೋದು ಎರಡೂ ಕಾಲಿಗೆ ಸಮ ಆದ ಮೇಲೆ ಆಟಕ್ಕೆ ಬಿಟ್ಟೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಆಕೆ ಸಿಗಲಿಲ್ಲ. ಇದು ಶಿಕ್ಷಕರಿಗೆ ಬೇಜಾರಾಯಿತು, ಆದರೂ ಮಾತಿಗೆ ಕಟ್ಟುಬಿದ್ದರು. ಜಿಲ್ಲಾ ಮಟ್ಟದಲ್ಲಿ ಪೂರ್ತಿ ಆಡಿದಳು. ಎರಡನೇ ಸೆಟ್‌ನಲ್ಲಿ ಮತ್ತೆ ಒಬ್ಬರ ಪಾದದ ಮೇಲೆ ಇಳಿದಳಂತೆ. ಪಾದ ವಾಲಿತು, ಪಟ್ಟಿ ಹಿಡಿಯಿತು, ಆಕೆ ಪಕ್ಕಕ್ಕೆ ಉರುಳಿ ಎದ್ದಳು. ಸಂಜೆ ಸ್ವಲ್ಪ ನೋವು ಇತ್ತು, ಬಾವು ಇರಲಿಲ್ಲ. ಬ್ರೇಸ್ ಉಳಿಸಿತಾ, ಬೋರ್ಡ್ ಮೇಲಿನ ಅಭ್ಯಾಸ ಉಳಿಸಿತಾ, ಒಂದೇ ಕಾಲಿನ ಅನುಭವದಿಂದ ಬೇರ್ಪಡಿಸಿ ಹೇಳಲು ಬರಲ್ಲ. ಎರಡೂ ಇದ್ದವು, ಶೂ ಕೂಡ ಬದಲಾಗಿತ್ತು.

ಈಗ ಡಿಗ್ರಿ ಓದುತ್ತಿದ್ದಾಳೆ, ಆಟ ಬಿಟ್ಟಿಲ್ಲ. ಗೋಡೆ ಪರೀಕ್ಷೆಯಲ್ಲಿ ಎರಡೂ ಕಾಲು ಸಮ ಬರುತ್ತವೆ. ಎಳೆದು ನೋಡಿದರೆ ಬಲಗಾಲು ಇವತ್ತಿಗೂ ಸ್ವಲ್ಪ ಜಾಸ್ತಿ ಜರುಗುತ್ತದೆ, ಹಾಗಾಗಿ ಬ್ರೇಸ್ ಮುಂದುವರಿಸಲು ಹೇಳಿದ್ದೇನೆ. ಹಳೆಯದರ ವೆಲ್ಕ್ರೋ ಅಂಟು ಹೋಗಿ, ಲೇಸ್ ತೂತು ಹರಿದವು. ಹೊಸದು ತಗೊಳ್ಳುವಾಗ ಹಿಂಜಿನದಕ್ಕೆ ಹೋದೆವು. ಅದಕ್ಕೆ ಹೊಂದುವ ಅಗಲ ಮೂತಿಯ ಶೂಗೆ ಅವರಪ್ಪನೇ ಮಗಳನ್ನು ರಾಯಚೂರಿಗೆ ಕರಕೊಂಡು ಹೋಗಿ, ಅಂಗಡಿಯಲ್ಲಿ ಬ್ರೇಸ್ ಕಟ್ಟಿಸಿಕೊಂಡೇ ಅಳತೆ ನೋಡಿ ಕೊಡಿಸಿದರು.